ಮುತ್ತಜ್ಜನ ಪತ್ರಗಳ ಬೆನ್ನು ಹತ್ತಿ ಬಬಲೇಶ್ವರಕ್ಕೆ

ಶನಿವಾರ ಮುಂಜಾನೆ ವಿಜಯಪುರದಲ್ಲಿ ತಿಕೋಟಾ ಬಸ್ಸು ಹತ್ತಿದಾಗ ನನ್ನ ಬಳಿ ಒಂದು ಖಾಲಿ ಚೀಲ, ಫೋನು, ಆಧಾರ್ ಕಾರ್ಡು, ನಾಲ್ಕಾರು ನೋಟು ಬಿಟ್ಟರೆ ಏನೂ ಇರಲಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆ. ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟು, "ಬೀಗರ ಮನಿಗೇನಬೇ?" ಎಂದ. ಹೌದೆಂದೆ. ಅಣ್ಣನಿಗೂ ಅದೇ ಸುಳ್ಳು ಹೇಳಿ ಬಂದಿದ್ದೆ.

ನಮ್ಮ ಮುತ್ತಜ್ಜ ನೂರು ವರ್ಷದ ಹಿಂದೆ ಸೊಲ್ಲಾಪುರದಲ್ಲಿ ಉರ್ದು ವಾರಪತ್ರಿಕೆ ನಡೆಸುತ್ತಿದ್ದ, ಗಜಲ್ ಬರೆಯುತ್ತಿದ್ದ. ಅಲ್ಲಿಂದ ವಿಜಯಪುರದ ಜೋರಾಪುರ ಪೇಟೆಯ ಮನೆಗೆ, ಹೆಂಡತಿಗೆ ಬರೆದ ಪತ್ರಗಳು ನಮ್ಮಲ್ಲಿ ಉಳಿದಿದ್ದವು. ಕಾಗದ ತುಟ್ಟಿಯಾಗಿದೆ, ಹೊಸ ಚಪ್ಪಲಿ ಕಚ್ಚುತ್ತಿದೆ, ಮಗುವಿಗೆ ಹಲ್ಲು ಬಂತೇ, ಇಂಥವೇ ಸುದ್ದಿ. ಕೊನೆಗೆ ಎರಡು ಸಾಲು ಕವಿತೆ. ಅಣ್ಣ ಉರ್ದು ಶಾಲೆಯ ಮಾಸ್ತರನಾಗಿ ನಿವೃತ್ತನಾದವನು. ಆ ಪತ್ರಗಳನ್ನು ಪುಸ್ತಕ ಮಾಡಲು ಹೊರಟಿದ್ದ. ಭಾನುವಾರ ಅವುಗಳ ಫೋಟೋ ತೆಗೆಯಲು ಜನ ಬರುವವರಿದ್ದರು.

ಆ ಪತ್ರಗಳನ್ನೇ ನಾನು ಮಸೀದಿಗೆ ಕೊಟ್ಟುಬಿಟ್ಟಿದ್ದೆ.

ನಮ್ಮಲ್ಲಿ ದೇವರ ಹೆಸರಿರುವ ಹಳೆಯ ಕಾಗದವನ್ನು ಕಸಕ್ಕೆ ಹಾಕುವುದಿಲ್ಲ, ರದ್ದಿಗೆ ಮಾರುವುದಿಲ್ಲ. ಹರಿದ ಕುರಾನಿನ ಹಾಳೆ, ಪ್ರಾರ್ಥನೆಯ ದುವಾ ಬರೆದ ಚೀಟಿ, ಎಲ್ಲವನ್ನೂ ಮಸೀದಿಯ ಪೆಟ್ಟಿಗೆಗೆ ಹಾಕುತ್ತೇವೆ. ಅವುಗಳನ್ನು ಒಯ್ದು ನೀರಿಗೆ ಬಿಡುತ್ತಾರೆ. ಅದಕ್ಕೆ 'ಥಂಡಾ ಮಾಡುವುದು' ಎನ್ನುತ್ತೇವೆ. ಬುಧವಾರ ಕಪಾಟು ಒರೆಸುವಾಗ ಕುರಾನಿನ ಪಕ್ಕದಲ್ಲಿ ಹಸಿರು ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚಿದರೆ ಹಳದಿಯಾದ ಕೈಬರಹದ ಹಾಳೆಗಳು. ಪ್ರತಿಯೊಂದರ ನೆತ್ತಿಯಲ್ಲೂ ಬಿಸ್ಮಿಲ್ಲಾ. ಅದೊಂದನ್ನು ನಾನು ಗುರುತಿಸಬಲ್ಲೆ. ಉಳಿದದ್ದನ್ನು ಓದಲಾರೆ. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ, ಅದೂ ನಾಲ್ಕನೇ ಇಯತ್ತೆಯವರೆಗೆ. ಮುತ್ತಜ್ಜನ ಪತ್ರಗಳು ಟ್ರಂಕಿನಲ್ಲಿವೆ ಎಂದೇ ನನ್ನ ತಿಳುವಳಿಕೆ. ಇವು ಯಾವುದೋ ದುವಾ ಹಾಳೆಗಳೆಂದು ಕೊಟ್ಟೆ. ಶುಕ್ರವಾರ ಉಣ್ಣುವಾಗ ಅಣ್ಣನೇ ಹೇಳಿದ: "ಗೆದ್ದಲಿಗೆ ಅಂಜಿ ಪತ್ರಾ ಮ್ಯಾಲ ಕುರಾನ್ ಬಾಜೂಕ ಇಟ್ಟೇನಿ. ನಾಳೆ ಸಂಜಿಕ ಇಳಿಸಿ ಕೊಡು." ಮನೆಯಲ್ಲಿ ನಾವು ಆಡುವುದು ದಖನಿ ಉರ್ದು. ಅವನ ಮಾತನ್ನು ಇಲ್ಲಿ ನಮ್ಮೂರ ಕನ್ನಡದಲ್ಲಿ ಬರೆದಿದ್ದೇನೆ. ನಾನು ಹೂಂ ಎಂದೆ.

ಮರುದಿನ ನಸುಕಿನಲ್ಲೇ ಮಸೀದಿಯಲ್ಲಿ ಕೇಳಿದರೆ, ಚೀಲಗಳು ಗುರುವಾರವೇ ಹೋದವು, ತಿಕೋಟಾದ ಬಾವಿಗೆ ಹಾಕಿರಬೇಕು ಎಂದರು.

ತಿಕೋಟಾಕ್ಕೆ ಇಪ್ಪತ್ತು ಕಿಲೋಮೀಟರ್ ದಾರಿ. ಎರಡೂ ಕಡೆ ದ್ರಾಕ್ಷಿ ತೋಟಗಳು, ಒಣದ್ರಾಕ್ಷಿಯ ಶೆಡ್ಡುಗಳು. ಮಾರ್ಚ್ ತಿಂಗಳ ಬಿಸಿಲು ಆಗಲೇ ಕಿಟಕಿಯ ಸರಳನ್ನು ಕಾಯಿಸಿತ್ತು. ನನಗೆ ಕಾಣುತ್ತಿದ್ದುದು ಮಾತ್ರ ನೀರು. ಕಾಗದ ಒದ್ದೆಯಾಗಿ, ಮಸಿ ಬಿಟ್ಟು, ಮುತ್ತಜ್ಜನ ಮಾತೆಲ್ಲ ಬಾವಿಯಲ್ಲಿ ಕರಗುತ್ತಿರುವಂತೆ ಕಂಡಿತು.

ಬಾವಿಯ ಪಕ್ಕದಲ್ಲಿ ಚಹಾದಂಗಡಿಯ ಹೆಂಗಸೊಬ್ಬಳು ಮಿರ್ಚಿ ಕರಿಯುತ್ತಿದ್ದಳು. ಬಾವಿಗೆ ಕಬ್ಬಿಣದ ಜಾಲರಿ ಹೊದಿಸಿದ್ದರು.

"ಬಾವಿ ಬಂದ್ ಆಗಿ ವರ್ಷಾತು ಬೇ," ಎಂದಳು. "ನೀರಿಲ್ಲ, ಬರೇ ಪ್ಲಾಸ್ಟಿಕ್. ಅದರಾಗ ದೇವರ ಹೆಸರ ಹಾಕ್ತಾರೇನು? ಈಗ ಟೆಂಪೋ ಬಬಲೇಶ್ವರಕ್ಕ ಹೋಗ್ತದ. ಅಲ್ಲಿ ದಸ್ತಗೀರ್ ಚಾಚಾ ತನ್ನ ಹೊಲದಾಗ ಹೂಳಿ ಮಣ್ಣ ಕೊಡ್ತಾನ."

"ಕೊಟ್ಟಬಿಟ್ಟಾನೇನು?"

"ನನ್ನ ಕೇಳಿ ಕೊಡ್ತಾನೇನು? ಮಾರಿ ಯಾಕ ಹಂಗ ಮಾಡೀದಿ? ಒಂದ ಮಿರ್ಚಿ ತಿನ್ನು, ಜೀವ ಬರ್ತದ."

ತಿನ್ನಲಾಗಲಿಲ್ಲ. ಚಹಾ ಕುಡಿದೆ. ಬಬಲೇಶ್ವರಕ್ಕೆ ನೇರ ಬಸ್ಸು ತಡವಿತ್ತು. ಶೇಂಗಾ ಚೀಲಗಳ ನಡುವೆ ಟಂಟಂ ಆಟೋದಲ್ಲಿ ಕುಳಿತು ಹೊರಟೆ. ದಾರಿಯಲ್ಲಿ ಅಣ್ಣನ ಫೋನು ಬಂತು. ಎತ್ತಲಿಲ್ಲ. ಮತ್ತೆ ಬಂತು. ಸದ್ದು ಅಡಗಿಸಿ ಸೆರಗಿನಲ್ಲಿ ಕಟ್ಟಿದೆ. ಚಿಕ್ಕವಳಿದ್ದಾಗ ಅವನ ಮಸಿಯ ದೌತಿ ಚೆಲ್ಲಿದ್ದೆ. ಅವನು ಬೈಯಲಿಲ್ಲ, ಹೊಡೆಯಲಿಲ್ಲ. ರಮಜಾನ್ ಮುಗಿಯುವವರೆಗೆ ನನ್ನ ಹೆಸರು ಹಿಡಿದು ಕರೆಯಲಿಲ್ಲ. ನಾನು ಅಂಜುತ್ತಿದ್ದುದು ಆ ಮೌನಕ್ಕೆ. ಈಗ ಮನೆಯಲ್ಲಿ ನಾವಿಬ್ಬರೇ.

ಬಬಲೇಶ್ವರದಲ್ಲಿ ಊರ ಹೊರಗಿನ ಚಾಚಾನ ಹೊಲ ಸಿಕ್ಕಿದಾಗ ಮಧ್ಯಾಹ್ನ ಇಳಿದಿತ್ತು. ಮೊದಲು ಕಂಡದ್ದು ಜಾಲಿಯ ಬೇಲಿಯ ಮೇಲೆ ಒಗೆದು ಒಣಹಾಕಿದ ನಮ್ಮ ಹಸಿರು ಬಟ್ಟೆ. ಖಾಲಿ ಬಟ್ಟೆ. ಅದನ್ನು ಬೇಲಿಯಿಂದ ಎಳೆದುಕೊಂಡೆ.

ದಸ್ತಗೀರ್ ಚಾಚಾ ಸಲಿಕೆ ತೊಳೆಯುತ್ತಿದ್ದವನು ತಂಬಿಗೆ ನೀರು ತಂದ. ಎಲ್ಲ ಕೇಳಿಸಿಕೊಂಡ.

"ಮುಂಜಾನೆನ ಮುಚ್ಚೀನಿ ತಾಯಿ. ಬಟ್ಟಿ ಜಲ್ದಿ ಕೊಳಿಯಂಗಿಲ್ಲ, ಅದಕ್ಕ ಬಿಚ್ಚಿ ತಗೀತೇನಿ. ಹಾಳಿಗೋಳು ಫರಸಿ ಕಲ್ಲಿನ ಕೆಳಗ ಅದಾವ, ಮಣ್ಣ ಹತ್ತಿಲ್ಲ."

"ಹಂಗಾರ ತಗೀರಿ ಚಾಚಾ!"

"ಗೋರಿ ಇದ್ದಂಗ ಅದು. ಸುಮ್ನ ತಗಿಯಾಕ ಬರ್ತದೇನು?" ಗಡ್ಡ ನೀವಿಕೊಂಡ. "ಆದ್ರ ಮಂದಿ ಮನಿ ಪತ್ರಾ ಇಟಗೊಂಡ್ರೂ ತಪ್ಪ. ಯಾವ ನಿಂದು, ಯಾವ ಅಲ್ಲ, ಓದಿ ಹೇಳಾವ್ರು ಬೇಕು. ಕುರಾನಿನ ಒಂದ ಆಯತ್ ನಿನ್ನ ಚೀಲದಾಗ ಹೋದ್ರ ನನ್ನ ಗತಿ ಏನು?"

"ನೀವು ಓದೂದಿಲ್ಲೇನ್ರಿ?"

"ನಾನೂ ನಿನ್ನಂಗ. ಬರೇ ಹೂಳಾವ." ನಕ್ಕ. "ಓದಾಕ ಬರಲಾರದ ಇಬ್ಬರು ದೇವರ ಮುಂದ ಅಂಗಡಿ ಹಚ್ಚೇವಿ."

ಯಾರಿಂದ ಮುಚ್ಚಿಡಲು ಓಡಿ ಬಂದಿದ್ದೆನೋ ಅವನನ್ನೇ ಕರೆಯಬೇಕಾಯಿತು. ಸೆರಗಿನ ಗಂಟು ಬಿಚ್ಚಿ ಫೋನು ಹಚ್ಚಿದೆ. ಚಾಚಾ ಆ ಕಡೆ ಮುಖ ತಿರುಗಿಸಿ ನಿಂತ.

"ಭಾಯಿ, ನಿನ್ನ ಪತ್ರಾ ನಾನ ಮಸೂತಿಗೆ ಕೊಟ್ಟೆ. ಇಲ್ಲಿ ಹೂಳ್ಯಾರ."

"ನನ್ನ ಯಾಕ ಕೇಳಲಿಲ್ಲ?" ಎಂದ.

"ಕೇಳಿದ್ರ ನಗ್ತೀ ಅಂತ. 'ಇಷ್ಟೂ ಓದಾಕ ಬರೂದಿಲ್ಲೇನು' ಅಂತ ನಗ್ತೀ."

ಅದೇ ನಿಜ. ಗಂಟು ಬಿಚ್ಚಿದ ಕ್ಷಣ ಅವನನ್ನು ಕೇಳಬೇಕೆಂದು ನನಗೆ ಅನಿಸಿತ್ತು. ಅವನು ಪಕ್ಕದ ಕೋಣೆಯಲ್ಲೇ ಇದ್ದ.

"ಕ್ಯಾಮೆರಾ ಹಚ್ಚು," ಎಂದ. "ಫೋನ ಅಲಗಸಬ್ಯಾಡ."

ಚಾಚಾ ಬಾಯಲ್ಲಿ ಏನೋ ಪಠಿಸುತ್ತ ಮಣ್ಣು ಸರಿಸಿ ಫರಸಿ ಎತ್ತಿದ. ಒಳಗಿಂದ ಹಳೆಯ ಕಾಗದದ ವಾಸನೆ ಬಂತು. ದೇವರ ಕೋಪ ಮೈಮೇಲೆ ಬಂದೀತೆಂದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ಅಚ್ಚಾದ ಹಾಳೆಗಳನ್ನು ಕಣ್ಣೇ ಬೇರೆ ಮಾಡಿತು. ಕೈಬರಹದವನ್ನು ಒಂದೊಂದಾಗಿ ಫೋನಿನ ಮುಂದೆ ಹಿಡಿದೆ. ಮದರಸಾ ಹುಡುಗರ ಬರಹ, ತಾಯಿತದ ಚೀಟಿ, ಯಾರದೋ ದುವಾ, ಅವುಗಳ ನಡುವೆ ಮುತ್ತಜ್ಜ.

"ನಮ್ಮದು," ಎನ್ನುತ್ತಿದ್ದ ಅಣ್ಣ. ಅದು ನನ್ನ ಚೀಲಕ್ಕೆ. "ಅಲ್ಲ." ಅದು ಮರಳಿ ಫರಸಿಯ ಕೆಳಗೆ. ಫೋನಿನ ಚಾರ್ಜು ಇಳಿಯುತ್ತಿತ್ತು. ಅವನ ದನಿ ಬರಬರುತ್ತ ಅವಸರದ್ದಾಯಿತು. ಕಡೆಯ ಹಾಳೆ ತೋರಿಸಿದ ಮೇಲೆ, "ಬಾ," ಎಂದಷ್ಟೇ ಹೇಳಿದ. ಚಾಚಾ ಮತ್ತೆ ಮಣ್ಣೆಳೆದ. ಕೈಗೆ ನೋಟು ಕೊಡಹೋದರೆ, "ಇದಕ್ಕ ಕೂಲಿ ತಗೊಂಡ್ರ ಅಲ್ಲಿ ಏನ ಹೇಳ್ಲಿ?" ಎಂದು ಮೇಲೆ ಬೆರಳು ತೋರಿಸಿದ.

ವಿಜಯಪುರ ಮುಟ್ಟುವಾಗ ದೀಪ ಹತ್ತಿದ್ದವು. ಅಣ್ಣ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತಿದ್ದ. ನಾನು ಚೀಲ ಅವನ ತೊಡೆಯ ಮೇಲಿಟ್ಟು ದೂರ ನಿಂತೆ. ಕನ್ನಡಕ ಹಾಕಿ ಹಾಳೆಗಳನ್ನು ಒಂದೊಂದಾಗಿ ತಿರುವಿದ. ಮತ್ತೆ ಮೊದಲಿನಿಂದ ತಿರುವಿದ.

"ಕಡೀ ಪತ್ರಾ ಇಲ್ಲ," ಎಂದ.

"ಇನ್ನ ಪ್ರತಿ ಮಾಡಿರಲಿಲ್ಲ ಅದನ್ನ," ಎಂದು ತಾನೇ ಮುಂದುವರಿಸಿದ. "ಮುತ್ತಜ್ಜ ಜ್ವರದಾಗ ಮಲಗಿ ಬ್ಯಾರೇದವ್ರ ಕೈಲೆ ಬರಸಿದ್ದು. ಅಕ್ಷರ ಬ್ಯಾರೆ. ನೀ ತೋರಿಸಿದಿ. ನಾನ 'ಅಲ್ಲ' ಅಂದೆ."

ಆ ಮಾತು ಕೇಳಿದಾಗ ನನ್ನ ಎದೆ ಹಗುರಾಯಿತು. ಕೇವಲ ಒಂದು ಗಳಿಗೆ. ಅವನದೂ ತಪ್ಪಾಯಿತು ಎಂದು ಒಳಗೆಲ್ಲೋ ಖುಷಿಯಾಯಿತು. ಪತ್ರ ಕೊಟ್ಟದ್ದನ್ನು ಯಾರ ಮುಂದೆಯೂ ಹೇಳಬಲ್ಲೆ. ಇದನ್ನು ಹೇಳಲು ಇವತ್ತಿಗೂ ನಾಲಗೆ ಹಿಂಜರಿಯುತ್ತದೆ.

"ಚಾಚಾಗ ಹೇಳಿ ಮತ್ತ ತಗಸೂಣೇನು?" ಎಂದೆ.

ಅವನು ಬೇಡವೆಂದು ತಲೆಯಾಡಿಸಿದ. "ಎಷ್ಟ ಸಲ ಎಬ್ಬಸೂದು? ದೇವರ ಮಾತಿನ ಸಂಗಾಟ ಮಲಗ್ಯಾದ. ಮಲಗ್ಲಿ."

"ಏನ ಬರಸಿದ್ದ ಅದರಾಗ?"

ಅಣ್ಣ ನೆನಪಿದ್ದಷ್ಟು ಹೇಳತೊಡಗಿದ. ಔಷಧ ಕಹಿ, ಪತ್ರಿಕೆ ಈ ವಾರ ಹೊರಡಲಿಲ್ಲ, ಬಾಗಿಲ ಚಿಲಕ ಸರಿಮಾಡಿಸು. ಕೊನೆಯ ಎರಡು ಸಾಲು ಕವಿತೆಗೆ ಬಂದು ತಡೆದ. ಮೊದಲ ಸಾಲು ಹೇಳಿದ. ಎರಡನೆಯದು ಬರಲಿಲ್ಲ. ಕಣ್ಣು ಮುಚ್ಚಿ ಮತ್ತೆ ಮೊದಲ ಸಾಲು ಹೇಳಿದ. ನಮ್ಮ ಮುಂದೆ ಬಬಲೇಶ್ವರಕ್ಕೆ ಹೋಗುವ ಕೊನೆಯ ಬಸ್ಸು ತಿರುವು ತೆಗೆದುಕೊಂಡು ಹೋಯಿತು. ಇಬ್ಬರೂ ಏಳಲಿಲ್ಲ.