ಕಾರ್ಡಿನಲ್ಲಿ ಮಗಳು

ಆ ಭಾನುವಾರ ಬೀಜಾಡಿಯ ದಡದಲ್ಲಿ ಕೈರಂಪಣಿ ಬಲೆ ಎಳೆಯುತ್ತಿದ್ದರು. ಬಲೆಯ ಎರಡೂ ತುದಿಯ ಹಗ್ಗಗಳನ್ನು ದಡದಲ್ಲಿ ನಿಂತೇ ಎಳೆಯುವ ಕೆಲಸ ಅದು. ರಮ್ಯ ಎಡಗಡೆ ಹಗ್ಗದ ಕೊನೆಯಲ್ಲಿದ್ದಳು. ಲುಂಗಿ ಮೇಲೆ ಕಟ್ಟಿದ್ದಳು. ಕೂದಲನ್ನು ನನ್ನ ಹಳೆಯ ರಿಬ್ಬನ್ನಿನಲ್ಲಿ ಬಿಗಿದಿದ್ದಳು.

"ಹ್ವಾಯ್ ಹೆಣ್ಣೆ, ಜಡೆ ಕಟ್ಟುದ್ ಮತ್ತೆ, ಮೊದ್ಲ್ ಹಗ್ಗ ಎಳಿ" ಎಂದರು ಬಲೆಯ ಯಜಮಾನರಾದ ಶೀನ ಮಾವ.

"ಎಳಿತೆ ಮಾವ. ನೀವ್ ಮಾತ್ ಕಡ್ಮಿ ಮಾಡಿ, ಮೀನ್ ಹೆದ್ರಿ ಓಡತ್" ಎಂದಳು ಇವಳು.

ಹಗ್ಗ ಹಿಡಿದವರೆಲ್ಲ ನಕ್ಕರು. ಅಂದು ಬಂಗುಡೆ ಚೆನ್ನಾಗಿ ಬಿದ್ದಿತ್ತು. ಪಾಲು ಹಾಕುವಾಗ ಶೀನ ಮಾವ ಅವಳ ಬುಟ್ಟಿಗೂ ಎಲ್ಲರಷ್ಟೇ ಸುರಿದರು. ಪದ್ಧತಿಯೇ ಹಾಗೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು. ಕೈ ಗಂಡಿನದೋ ಹೆಣ್ಣಿನದೋ ಎಂದು ಯಾರೂ ವಿಚಾರಿಸುವುದಿಲ್ಲ.

ನಮ್ಮ ಮನೆಯ ಕೊನೆಯ ಮಾಮೂಲಿ ದಿನ ಅದು. (ಅಂಥ ದಿನಗಳು ಹೇಳಿ ಬರುತ್ತವೆಯೇ?)

ರಮ್ಯ ನನ್ನ ತಂಗಿ. ಶಾಲೆಯ ಸರ್ಟಿಫಿಕೇಟಿನಲ್ಲಿ ತಮ್ಮ, ಹೆಸರು ರಮೇಶ. ಹತ್ತನೆಯ ತರಗತಿ ಮುಗಿಸಿ ಬ್ರಹ್ಮಾವರದ ಟೈಲರ್ ಅಂಗಡಿ ಸೇರಿದ್ದಳು. ಬುಟ್ಟಿ ಹೊರಲು ಕೈ ಎತ್ತಿದರೂ ಕಂಕುಳಲ್ಲಿ ಹರಿಯದ ಬ್ಲೌಸ್ ಬೇಕೆಂದರೆ ಮೀನು ಮಾರುವ ಹೆಂಗಸರು ಬಸ್ಸು ಹತ್ತಿ ಅವಳ ಹತ್ತಿರವೇ ಹೋಗುತ್ತಿದ್ದರು.

ತಾನು ಹೆಣ್ಣು ಎಂದು ಅವಳು ಅಮ್ಮನಿಗೆ ಹೇಳಿದ ದಿನ ಅಮ್ಮ ಕೈಯಲ್ಲಿದ್ದ ಮೀನನ್ನು ಕೊಯ್ದು ಮುಗಿಸಿದಳು. ಆಮೇಲೆ, "ಸೀರೆ ಉಡ್ತೆ ಅಂದ್ರೆ ಆಯ್ತಾ? ಮೀನ್ ಬುಟ್ಟಿನೂ ಹೊರ್ಕ್, ಕಾಣ್" ಎಂದಳು. ಮರುದಿನ ಬೆಳಿಗ್ಗೆ ರಮ್ಯ ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡು ಕೋಟೇಶ್ವರದ ಮಾರ್ಕೆಟ್ಟಿಗೆ ನಡೆದಳು. ಅಮ್ಮ ಮತ್ತೆ ಆ ಮಾತೆತ್ತಲಿಲ್ಲ.

ಆಪರೇಷನ್ ಮಾಡಿಸಿಕೊಳ್ಳಬೇಕು ಎಂಬುದು ಅವಳ ಒಂದೇ ಆಸೆ. ಸರಕಾರಿ ಆಸ್ಪತ್ರೆಯ ಡಾಕ್ಟರು ಒಳ್ಳೆಯವರು. ಕೂರಿಸಿ ಮಾತಾಡಿದರು. "ನಮ್ಮಲ್ಲಿ ಇದನ್ನು ಮಾಡುವುದಿಲ್ಲ, ಪ್ರೈವೇಟಿಗೆ ಹೋಗಿ" ಎಂದು ಚೀಟಿ ಬರೆದುಕೊಟ್ಟರು. ಪ್ರೈವೇಟಿನವರು ಖರ್ಚು ಹೇಳಿದಾಗ ನಾವಿಬ್ಬರೂ ಒಟ್ಟಿಗೆ ಕುರ್ಚಿಯಿಂದ ಎದ್ದದ್ದು ನೆನಪಿದೆ. ಉಳಿದದ್ದು ಸೊಸೈಟಿಯ ಹೆಲ್ತ್ ಕಾರ್ಡ್. ಅಮ್ಮ ಮೀನು ಮಾರುವ ಹೆಂಗಸರ ಸೊಸೈಟಿಯ ಮೆಂಬರ್. ವರ್ಷಕ್ಕೊಮ್ಮೆ ಕಂತು ಕಟ್ಟಿದರೆ ಮನೆಯವರ ಆಪರೇಷನ್ ಖರ್ಚು ಅವರೇ ಕೊಡುತ್ತಾರೆ.

ಅರ್ಜಿ ತುಂಬಿದ್ದು ನಾನು. (ನಮ್ಮೂರಿನ ಅರ್ಧ ಅರ್ಜಿಗಳು ನನ್ನ ಕೈಬರಹದಲ್ಲೇ ಇವೆ, ಈ ಅಂಕಣದ ಓದುಗರಿಗೆ ಹಿಂದೆಯೂ ಹೇಳಿದ್ದೇನೆ.) ನನ್ನ ಹೆಸರಿನ ಮುಂದೆ 'ಮಗಳು' ಎಂದು ಬರೆದೆ. ಕೆಳಗಿನ ಸಾಲಿನಲ್ಲಿ 'ರಮ್ಯ, ಮಗಳು' ಎಂದು ಬರೆದೆ. ಯೋಚಿಸಿ ಬರೆದದ್ದಲ್ಲ. ಮನೆಯಲ್ಲಿ ಹೇಗಿತ್ತೋ ಹಾಗೆ ಬರೆದೆ. ಸೆಕ್ರೆಟರಿ ಗಿರಿಜಕ್ಕ ಓದಿ ನೋಡಿ ಸೀಲು ಒತ್ತಿದರು. ಅವರಿಗೂ ತಪ್ಪು ಕಾಣಲಿಲ್ಲ. ಕಾಣುವುದಾದರೂ ಹೇಗೆ? ಅವರು ಹಾಕಿಕೊಂಡಿದ್ದ ಬ್ಲೌಸು ಹೊಲಿದವಳೇ ಅವಳು.

ಕಾರ್ಡ್ ಬಂದಾಗ ರಮ್ಯ ಆ ಸಾಲಿನ ಮೇಲೆ ಬೆರಳಾಡಿಸಿದಳು. ಪಕ್ಕದಲ್ಲಿ ಫೋಟೊ ಅಂಟಿಸುವ ಚೌಕ. ಅವಳದೆಂದು ಇದ್ದದ್ದು ಶಾಲೆಯ ಫೋಟೊ ಒಂದೇ.

"ಅದ್ ಬ್ಯಾಡ ಅಕ್ಕ. ಆಪರೇಷನ್ ಆಯ್ಲಿ. ಸೀರೆ ಉಟ್ಕಂಡ್ ಹೊಸ್ತ್ ತೆಗ್ಸ್ತೆ" ಎಂದಳು. ಶಾಲೆಯ ಫೋಟೊವನ್ನು ಅಂದೇ ಒಲೆಗೆ ಹಾಕಿದಳು.

ಬಂಗುಡೆ ಬಿದ್ದ ಭಾನುವಾರದ ಮರುದಿನ ಆ ಕಾರ್ಡ್ ಹಿಡಿದು ಮಂಗಳೂರಿನ ಆಸ್ಪತ್ರೆಯೊಂದಕ್ಕೆ ಹೋದೆವು. ಕೌಂಟರಿನಲ್ಲಿದ್ದವನು ಕಾರ್ಡನ್ನೂ ಡಾಕ್ಟರ ಚೀಟಿಯನ್ನೂ ಪಕ್ಕಪಕ್ಕ ಇಟ್ಟ.

"ಇದರಲ್ಲಿ ಮಗಳು ಅಂತಿದೆ. ಚೀಟಿಯಲ್ಲಿ ರಮೇಶ, ಗಂಡು ಅಂತಿದೆ. ಪೇಶೆಂಟ್ ಯಾರು?"

"ನಾನೇ" ಎಂದಳು ರಮ್ಯ.

"ಮಗಳಾದ್ರೆ ಈ ಆಪರೇಷನ್ ಯಾಕೆ? ಮಗ ಆದ್ರೆ ಕಾರ್ಡ್ ಸುಳ್ಳಾಯ್ತಲ್ಲ?"

ಕೆಟ್ಟವನಲ್ಲ ಆತ. ನಿಜವಾಗಿಯೂ ಗೊತ್ತಾಗದೆ ಕೇಳಿದ. ಈ ಆಪರೇಷನ್ ಸೊಸೈಟಿ ಖರ್ಚು ಕೊಡುವ ಪಟ್ಟಿಯಲ್ಲೇ ಇಲ್ಲ ಎಂದೂ ಹೇಳಿದ. ಆದರೆ ಹಿಂದೆ ಸಾಲಿನಲ್ಲಿ ಯಾರೋ ನಕ್ಕರು. ರಮ್ಯ ತಿರುಗಿ ನೋಡಲಿಲ್ಲ.

ಬಸ್ಸಿನಲ್ಲಿ ನಾನೇ ಬಾಯಿಬಿಟ್ಟೆ. "ಮಗ ಅಂದೇಳಿ ಬರೀಕಿತ್. ನಂದೇ ತಪ್ಪ್."

ಬ್ರಹ್ಮಾವರ ಬಂದಾಗ ಅವಳು ತನ್ನ ಟೈಲರ್ ಅಂಗಡಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಹೇಳಿದಳು: "ಹಾಂಗ್ ಬರ್ದಿದ್ರೆ ನಾ ಆ ಕಾರ್ಡ್ ಹರ್ದ್ ಬಿಸಾಡ್ತಿದ್ದೆ. ಆದ್ರೆ ಅಕ್ಕ, ಇನ್ನೊಂದ್ ಸಲ ಯಾವ ಕೌಂಟರಿಗೂ ನಾ ಬತ್ತಿಲ್ಲೆ."

ಮಾತು ಉಳಿಸಿಕೊಂಡಳು. ಎರಡು ವರ್ಷ ಬ್ಲೌಸು ಹೊಲಿದಳು, ತಾನೇ ದುಡ್ಡು ಕೂಡಿಸುತ್ತೇನೆ ಎಂದಳು. ಒಂದು ಮಳೆಗಾಲ ಕಣ್ಣು ಹಳದಿಯಾಯಿತು. ಕಾಮಾಲೆ. ಹಳ್ಳಿಮದ್ದು ಕುಡಿದಳು. ಆಸ್ಪತ್ರೆಗೆ ಹೋಪ ಎಂದು ಅಮ್ಮ ದಿನಾ ಹೇಳುತ್ತಿದ್ದಳು.

"ಗಂಡಸ್ರ ವಾರ್ಡಂಗಾ ಹೆಂಗಸ್ರ ವಾರ್ಡಂಗಾ ಮಲ್ಗಸ್ತ್ರ್ ಅಂತ ಕೇಂಡ್ಕಂಡ್ ಬಾ. ಮತ್ತೆ ಬತ್ತೆ" ಎಂದಳು ರಮ್ಯ ನನಗೆ.

ನಾನು ಕೇಳಲು ಹೋಗಲಿಲ್ಲ. ಯಾರನ್ನು ಕೇಳುವುದು ಎಂದೇ ಗೊತ್ತಿರಲಿಲ್ಲ. ಕೊನೆಗೆ ಎತ್ತಿಕೊಂಡೇ ಹೋದೆವು. ಅಷ್ಟರಲ್ಲಿ ತಡವಾಗಿತ್ತು, ಅವಳು ಉಳಿಯಲಿಲ್ಲ.

'ಮಗ' ಎಂದು ಬರೆದಿದ್ದರೂ ಅಂದು ದುಡ್ಡು ಸಿಗುತ್ತಿರಲಿಲ್ಲ, ಅದು ನನಗೂ ಗೊತ್ತು. ಆದರೆ ಆ ಪ್ರಶ್ನೆ, ಆ ನಗು ಇರುತ್ತಿರಲಿಲ್ಲ. ಕಾಮಾಲೆ ಬಂದಾಗ ಅವಳು ಬೇಗ ಹೊರಡುತ್ತಿದ್ದಳೇನೋ.

ಕಳೆದ ವಾರ ಬೈಂದೂರಿನಿಂದ ಒಬ್ಬ ತಾಯಿ ಅರ್ಜಿ ತುಂಬಿಸಲು ಬಂದಿದ್ದರು. ಜೊತೆಗೆ ರಮ್ಯಳಂಥ ಒಂದು ಮಗು, ಇಪ್ಪತ್ತರ ಪ್ರಾಯ. ಈಗ ಅರ್ಜಿಯಲ್ಲಿ ಗಂಡು, ಹೆಣ್ಣು ಅಲ್ಲದೆ ಮೂರನೆಯ ಚೌಕವೂ ಇದೆ. (ಚೌಕ ಹೊಸದು. ಕೌಂಟರೂ ಹೊಸದಾಗಿದೆಯೇ?) ಈ ಸಲ ನಾನು ಕೇಳಿಯೇ ಬರೆಯುವುದೆಂದುಕೊಂಡೆ.

"ಸಂಬಂಧ ಎಂತ ಬರೀಕ್?"

"ಎಂತ ಅಂದ್ರೆ? ಮಗಳ್" ಎಂದರು ಆ ತಾಯಿ.

ಸರ್ಟಿಫಿಕೇಟು, ಚೀಟಿ ಎಲ್ಲ ತಾಳೆ ನೋಡಿ ಬರೆದೆ. ಹುಡುಗಿ ತನ್ನ ಫೋಟೊ ಕೊಟ್ಟಳು. ನೀಲಿ ಸೀರೆ, ಮಲ್ಲಿಗೆ, ತುಸು ನಗು. ಚೌಕದ ಗೆರೆಗೆ ಸರಿಯಾಗಿ ಕೂರಿಸಿ ಅಂಟಿಸಿದೆ.

ಅವರು ಹೋದ ಮೇಲೆ ಟ್ರಂಕಿನಿಂದ ನಮ್ಮ ಹಳೆಯ ಕಾರ್ಡ್ ತೆಗೆದೆ. ಅಮ್ಮನ ಫೋಟೊ ಇದೆ. ನನ್ನದಿದೆ. ಮೂರನೆಯ ಸಾಲಿನಲ್ಲಿ ನನ್ನ ಅಕ್ಷರ, ಪಕ್ಕದಲ್ಲಿ ಖಾಲಿ ಚೌಕ.

ರಮ್ಯಳ ಫೋಟೊ ನಮ್ಮ ಮನೆಯಲ್ಲಿ ಒಂದೂ ಇಲ್ಲ.