ಮೊದಲ ತಿರುವಿನ ಬಂಡೆ ಮತ್ತು ನಮ್ಮ ಎಕ್ಸ್‌ರೇ ಅಕ್ಕ

ಕಣ್ಣಿಗೆ ಕಾಣದ್ದನ್ನು ಕಾಣಿಸುವುದೇ ಕಸುಬಾಗಿರುವ ಕ್ಷ-ಕಿರಣ ವಿಭಾಗದಲ್ಲಿ ಯಂತ್ರವನ್ನು ಬಲ್ಲವರು ಅನೇಕರು. ಯಂತ್ರದ ಮುಂದೆ ನಡುಗುತ್ತ ನಿಂತವರನ್ನು ಬಲ್ಲವರು ವಿರಳ. ಆ ವಿರಳರಲ್ಲಿ ಒಬ್ಬರಾದ ನಮ್ಮ ಹಿರಿಯ ತಂತ್ರಜ್ಞೆ, ಇಡೀ ಆಸ್ಪತ್ರೆಯ ಬಾಯಲ್ಲಿ ‘ಎಕ್ಸ್‌ರೇ ಅಕ್ಕ’, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಅದೇ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಅವರ ಜೊತೆಜೊತೆಗೇ ಕೂದಲು ನರೆಸಿಕೊಂಡವನೆಂಬ ಒಂದೇ ಅರ್ಹತೆಯ ಮೇಲೆ ನಮ್ಮ ನೌಕರರ ಪತ್ರಿಕೆಯ ಸಂಪಾದಕರು ಈ ಲೇಖನವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಹೊಗಳುವುದು ನನ್ನ ನಾಲಿಗೆಗೆ ಒಗ್ಗಿದ ವಿದ್ಯೆಯಲ್ಲ. ನನ್ನದು ಮೂಗಿನ ತುದಿಯ ಕೋಪವೆಂದು ನನ್ನ ಕಿಟಕಿಯ ಮುಂದೆ ಸಾಲು ನಿಂತವರೆಲ್ಲ ಬಲ್ಲರು.

ಅಕ್ಕ ಸೇವೆಗೆ ಸೇರಿದಾಗ ಅವರ ಕೋಣೆ ನೆಲಮಾಳಿಗೆಯ ತುದಿಯಲ್ಲಿತ್ತು. ದಪ್ಪ ಬಾಗಿಲು, ಅದರ ಮೇಲೊಂದು ಕೆಂಪು ದೀಪ. ಮೇಜು ತಣ್ಣಗೆ ಕೊರೆಯುತ್ತಿತ್ತು. ಮುದುಕರನ್ನು ಮಲಗಿಸುವ ಮುನ್ನ ತೆಳುವಾದ ಬಟ್ಟೆಯೊಂದನ್ನು ಹಾಸುವ ಪದ್ಧತಿಯನ್ನು ಅಲ್ಲಿ ತಂದವರು ಅವರೇ. ಬಟ್ಟೆ ಒಗೆಸುವ ಖರ್ಚು ಯಾರದೆಂದು ಕಚೇರಿ ತಕರಾರು ತೆಗೆದಾಗ, ಅಕ್ಕ ಮಾತಿಗೆ ಮಾತು ಬೆಳೆಸದೆ ಮನೆಯಲ್ಲೇ ಒಗೆದು ತಂದರು. ಬಳಿಕ ಅವರ ಆ ಮೆಲುದನಿ: “ಉಸಿರು ಹಿಡ್ಕೊಳ್ಳಿ... ಹಾಗೇ ಇರಿ... ಹಾಂ, ಈಗ ಬಿಡಿ.” ಅಳುವ ಮಕ್ಕಳೂ ಆ ದನಿಗೆ ತೆಪ್ಪಗಾಗುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಅವರ ಇನ್ನೊಂದು ಮುಖ ನಮ್ಮ ನೌಕರರ ಚಾರಣ ಬಳಗಕ್ಕೆ ಗೊತ್ತು. ಬಳಗದ ಮುಂದಾಳು ನಾನು, ಕಾಲಿಗೆ ಚಕ್ರ ಕಟ್ಟಿಕೊಂಡವನು. ತುದಿ ಮುಟ್ಟದ ಚಾರಣ ನನ್ನ ಲೆಕ್ಕದಲ್ಲಿ ಚಾರಣವೇ ಅಲ್ಲ. ಅಕ್ಕನೋ, ಕೊರಳಿಗೆ ದಾರ ಕಟ್ಟಿ ನೇತುಹಾಕಿಕೊಂಡ ಪುಟ್ಟ ಭೂತಗನ್ನಡಿಯೊಡನೆ ಬಂದು, ಊರ ಪಕ್ಕದ ಬೆಟ್ಟದ ಮೊದಲ ತಿರುವಿನಲ್ಲೇ ಬಂಡೆಗೆ ಮುಖ ಕೊಟ್ಟು ಕೂತುಬಿಡುತ್ತಿದ್ದರು. ಬಂಡೆಗೆ ಅಂಟಿ ಬೆಳೆಯುವ ಪುಟ್ಟ ಎಲೆಯ ಹಾವಸೆ, ಕಲ್ಲುಹೂವುಗಳೇ ಅವರ ಹವ್ಯಾಸ. ಅವರು ಎರಡನೆಯ ತಿರುವು ಮುಟ್ಟುವಷ್ಟರಲ್ಲಿ ನಾವು ತುದಿ ಕಂಡು ಇಳಿದು ಬರುತ್ತಿದ್ದೆವು, ಮರುದಿನದ ಪಾಳಿಗೆ ಎಲ್ಲರೂ ಹಿಂದಿರುಗಲೇಬೇಕಿತ್ತು. ಹೀಗಾಗಿ ಅಷ್ಟೂ ವರ್ಷ ಅವರು ಆ ಬೆಟ್ಟದ ತುದಿಯನ್ನು ಕಾಣಲಿಲ್ಲ.

“ಮೇಲೆ ಏನೇನಿದೆ?” ಎಂದು ಪ್ರತಿ ಸಲವೂ ಆಸೆಯಿಂದ ಕೇಳುವರು.

“ಸೂಪರ್ ಆಗಿತ್ತಕ್ಕ, ಊರೆಲ್ಲ ಕಾಣತ್ತೆ.”

“ಅಲ್ಲಪ್ಪ, ಬಂಡೆ ಮೇಲೆ ಏನು ಬೆಳ್ದಿದೆ ಅಂತ ಕೇಳ್ದೆ.”

ಬಂಡೆಯನ್ನು ನಮ್ಮಲ್ಲಿ ಯಾರೂ ನೋಡಿರುತ್ತಿರಲಿಲ್ಲ.

ಮುಂದೆ ನನ್ನ ಮಂಡಿಚಿಪ್ಪು ಒಡೆಯಿತು. ಬೆಟ್ಟದಲ್ಲಲ್ಲ, ಆಸ್ಪತ್ರೆಯದೇ ಒದ್ದೆ ಮೆಟ್ಟಿಲಲ್ಲಿ. ಚಿತ್ರ ತೆಗೆದವರು ಅಕ್ಕನೇ. ಶಸ್ತ್ರಚಿಕಿತ್ಸೆಯಾಯಿತು, ಕೋಲು ಹಿಡಿದು ಕೆಲಸಕ್ಕೂ ಮರಳಿದೆ. ಆದರೆ ಬೆಟ್ಟದ ಮಾತೆತ್ತಿದರೆ ವೈದ್ಯರು ‘ನೋಡೋಣ’ ಎಂದಷ್ಟೇ ಹೇಳುತ್ತಿದ್ದರು. ಆ ‘ನೋಡೋಣ’ವನ್ನು ನಾನು ‘ಇಲ್ಲ’ ಎಂದೇ ತಿಳಿದು, ಚಾರಣದ ಬೂಟನ್ನು ತಂಗಿಯ ಮಗನಿಗೆ ದಾನಮಾಡಿ, ಬೆನ್ನುಚೀಲವನ್ನು ಅಟ್ಟಕ್ಕೆ ಎಸೆದು, ರಜೆಯ ದಿನಗಳಲ್ಲಿ ಗೋಡೆ ನೋಡುತ್ತ ಕೂತೆ. ಮನೆಯವಳು ಎರಡು ಮಾತಾಡಿದರೆ ನಾಲ್ಕು ರೇಗುತ್ತಿದ್ದೆ. ಒಳಗೆ ಇದ್ದದ್ದು ಭಯ: ಹತ್ತಲಾಗದಿದ್ದರೆ ನಾನು ಯಾರು ಎಂಬ ಭಯ.

ಒಂದು ಭಾನುವಾರ ಅಕ್ಕ ಬಾಡಿಗೆ ಗಾಡಿಯಲ್ಲಿ ಬಂದಿಳಿದರು.

“ಏಳಿ ಮಾತ್ರೆ ಸಾಹೇಬ್ರೇ, ಬೆಟ್ಟಕ್ಕೆ ಹೋಗೋಣ.”

“ಗಾಯದ ಮೇಲೆ ಉಪ್ಪು ಸುರೀಬೇಡಿ ಅಕ್ಕ. ನನ್ ಕೈಲಿ ಹತ್ತೋಕಾಗಲ್ಲ.”

“ಹತ್ತೋಕೆ ಯಾರು ಕರೆದ್ರು? ಮೊದಲ್ನೇ ತಿರುವಿನ ತನಕ ಗಾಡಿ ಹೋಗತ್ತೆ. ಕೂರೋಕೆ ಸ್ಟೂಲ್ ತಂದಿದೀನಿ.”

ಬೇಸಿಗೆಯ ಬಿಸಿಲಿಗೆ ಹಾವಸೆ ಕಂದಾಗಿ ಮುರುಟಿತ್ತು. ಸತ್ತದ್ದನ್ನು ತೋರಿಸಲು ಕರೆತಂದಿರಾ ಎಂದು ಗೊಣಗಿದೆ. ಅವರು ಕಿವಿಗೆ ಹಾಕಿಕೊಳ್ಳದೆ, ಕುಡಿಯುವ ನೀರಲ್ಲಿ ಬೆರಳು ಅದ್ದಿ ನಾಲ್ಕು ಹನಿ ಅದರ ಮೇಲೆ ಬಿಟ್ಟರು. “ಗಾಜು ಕಣ್ಣಿಗೆ ಹತ್ರ ಹಿಡೀರಿ. ಮುಖ ಬಂಡೆ ಹತ್ರ ತನ್ನಿ. ಗಾಜಿಗೆ ಮಂಜು ಕಟ್ಟತ್ತೆ, ಉಸಿರು ಹಿಡ್ಕೊಳ್ಳಿ.” ಹಿಡಿದೆ. ಮುದುಡಿದ್ದ ಎಲೆಗಳು ನನ್ನ ಕಣ್ಣೆದುರೇ ಒಂದೊಂದಾಗಿ ಬಿಚ್ಚಿ, ಹಸಿರಾಗಿ, ನೆಟ್ಟಗೆ ನಿಂತವು. “ಈಗ ಬಿಡಿ” ಎಂದರು. ಬಿಟ್ಟಾಗ ಅಳು ಬಂತು. ಅಕ್ಕ ಆ ಕಡೆ ತಿರುಗಿ, ಇನ್ನೊಂದು ಬಂಡೆಯಲ್ಲಿ ಏನೋ ಇದೆಯೆಂಬಂತೆ ನೋಡುತ್ತ ನಿಂತರು.

ಆಮೇಲಿನ ಭಾನುವಾರಗಳೆಲ್ಲ ಆ ತಿರುವಿನವೇ. ಅಂತೂ ಹೋದ ಚಳಿಗಾಲದಲ್ಲಿ ವೈದ್ಯರು ‘ಹತ್ತಿ’ ಎಂದಾಗ, ತಂಗಿಯ ಮಗನಿಂದ ಬೂಟನ್ನು ನಾಚಿಕೆ ಬಿಟ್ಟು ವಾಪಸು ಪಡೆದು, ಅಕ್ಕನ ಭೂತಗನ್ನಡಿಯನ್ನು ಬೇಡಿ ತಂದು, ಬಳಗದಲ್ಲಿ ಎಲ್ಲರಿಗಿಂತ ಹಿಂದೆ ತುದಿ ತಲುಪಿದೆ. ಉಳಿದವರು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನು ಗಟ್ಟಿಯಿದ್ದ ಮಂಡಿಯೂರಿ ಬಂಡೆಗೆ ಕಣ್ಣು ಕೊಟ್ಟೆ. ಕೆಳಗಿಳಿದಾಗ ಅಕ್ಕ ಎಂದಿನಂತೆ ಕೇಳಿದರು: “ಮೇಲೆ ಏನೇನಿದೆ?”

ನೆರಳಿನ ಮಗ್ಗುಲಲ್ಲಿ ಕಿತ್ತಳೆ ಬಣ್ಣದ ಕಲ್ಲುಹೂವು ಇದೆಯೆಂದೆ. ಬಿರುಕಿನೊಳಗೆ, ಕೆಳಗೆಲ್ಲೂ ಕಾಣದ, ಎಲೆಯ ತುದಿಗೆ ಬಿಳಿ ಕೂದಲಿರುವ ಹಾವಸೆ ಇದೆಯೆಂದೆ. ಅದರ ಪುಟ್ಟ ಕಾಯಿಗಳು ತಲೆ ಬಗ್ಗಿಸಿಕೊಂಡಿವೆಯೆಂದೆ. ಹೇಳಿ ಮುಗಿಸಿ ನೋಡಿದರೆ ಅಕ್ಕ ಉಸಿರು ಬಿಗಿಹಿಡಿದು ಕೂತಿದ್ದರು.

“ಈಗ ಬಿಡಿ ಅಕ್ಕ” ಎಂದೆ. ನಕ್ಕುಬಿಟ್ಟರು. ಕಣ್ಣೊರೆಸಿಕೊಂಡು, “ಆ ಬಿಳಿ ಕೂದಲಿನ ಮಾತು ಯಾಕೋ ನಂಬಿಕೆ ಬರ್ತಿಲ್ಲ. ನಾನೇ ನೋಡ್ಬೇಕು” ಎಂದರು.

ನೋಡಲಿ. ಇನ್ನು ಅವರಿಗೆ ಪಾಳಿಯಿಲ್ಲ, ಸೋಮವಾರದ ಅವಸರವಿಲ್ಲ. ಪ್ರತಿ ಬಂಡೆಗೂ ಅವರು ಕೇಳಿದಷ್ಟು ಹೊತ್ತು ಕೊಟ್ಟು, ದಾರಿಯಲ್ಲೇ ತಂಗಿ, ಎಷ್ಟು ದಿನವಾದರೂ ಸರಿ ಅವರೊಡನೆಯೇ ತುದಿ ಮುಟ್ಟುವುದೆಂದು ಬಳಗ ನಿರ್ಧರಿಸಿದೆ. ಬೇಗ ನಡೆಯಿರೆಂದು ಯಾರೂ ಅನ್ನಕೂಡದೆಂಬ ನಿಯಮವನ್ನು, ನನ್ನ ಗುಣ ಬಲ್ಲವರು, ನನ್ನಿಂದಲೇ ಸಾರಿಸಿದ್ದಾರೆ. ಅಕ್ಕನಿಗೆ ನೂರು ಕಾಲದ ಆಯುಸ್ಸೂ ಮಾಸದ ದೃಷ್ಟಿಯೂ ಇರಲಿ, ನಾನು ತಪ್ಪಾಗಿ ಕಂಡದ್ದನ್ನೆಲ್ಲ ಅವರು ಮೇಲೆ ನಿಂತು ತಿದ್ದಲಿ. ಟೆಂಟಿನ ಹೊರೆ ನನ್ನ ಹೆಗಲಿಗಿರಲಿ.