ಡೆಲ್ಬರ್ಟ್ ಆರಿಸಿದ ಮ್ಯಾಗ್ನಂ
ಮೊಂಟಾನಾದ ನಮ್ಮ ಬಂದೂಕಿನಂಗಡಿಗೆ ಡೆಲ್ಬರ್ಟ್ ಪ್ರತಿ ಶನಿವಾರ ರೈಫಲ್ ಕೊಳ್ಳಲು ಬರುತ್ತಿದ್ದ, ಕೊಳ್ಳದೆ ಹೋಗುತ್ತಿದ್ದ. ತನ್ನ ಬೇಲಿಗೂಟದ ಮೇಲಿನ ಖಾಲಿ ಡಬ್ಬಿ ಉರುಳಿಸಲು ಅವನಿಗೆ ಪುಟ್ಟ ಮ್ಯಾಗ್ನಂ ರೈಫಲ್ ಒಂದು ಸಾಕು; ಗುಂಡಿನ ಅಳತೆ ಹದಿನೇಳೋ ಇಪ್ಪತ್ತೆರಡೋ, ಯಾವುದಾದರೂ ನಡೆಯುತ್ತದೆ. ಇವನ ತಕರಾರು ಕೇಳಿದರೆ ಚಂದ್ರನನ್ನೇ ಉರುಳಿಸುವವನಂತೆ. "ಹದಿನೇಳರ ಗುಂಡು ಗಾಳಿಗೆ ಓಲುತ್ತೆ ಮಾರಾಯ, ಇಪ್ಪತ್ತೆರಡರದ್ದು ಬೇಗ ಕುಸಿಯುತ್ತೆ" ಎನ್ನುತ್ತ, ಖಾಲಿ ರೈಫಲ್ ಎತ್ತಿ ಗೋಡೆಯ ಜಿಂಕೆತಲೆಗೆ ಗುರಿ ಹಿಡಿಯುತ್ತಿದ್ದ. ಆ ಜಿಂಕೆ ಬೇಸತ್ತು ಎರಡನೇ ಸಲ ಸತ್ತಿತು. ಮುಂದಿನದು ನನ್ನ ಸರದಿ. "ಯಾವುದಾದ್ರೂ ಒಂದು ತಗೊಂಡು ಪುಣ್ಯ ಕಟ್ಕೊಳ್ಳೋ" ಎಂದರೆ, "ಅವಸರ ಮಾಡಿದ್ದಕ್ಕೇ ನಿಂಗೆ ಮೂರು ಮದುವೆ ಆಗಿದ್ದು" ಎಂದು ಚುಚ್ಚುತ್ತಿದ್ದ. ಮೊನ್ನೆ ಮಾತ್ರ ರೈಫಲನ್ನು ಎಡಹೆಗಲಿಗೆ ಏರಿಸಿ, ತಡವರಿಸಿ, ಇಳಿಸಿದ. "ಬಲಗಣ್ಣು ಮುಗೀತಂತೆ ಕಣೋ, ಡಾಕ್ಟರು ಹೇಳಿದ್ರು. ಇನ್ನು ಎಡಗಣ್ಣಲ್ಲೇ ಗುರಿ ಹಿಡೀಬೇಕು. ಎಡಗೈಯವರದ್ದು ಇದೆಯಾ?" ಇದ್ದದ್ದು ಒಂದೇ. ಯಾವ ಗುಂಡಿನದೆಂದೂ ಕೇಳದೆ ಕೊಂಡ. "ಇನ್ನೊಂದು ಕಣ್ಣು ಇರೋವಾಗ್ಲೇ ಆ ಡಬ್ಬೀನ ಹೊಡೆದುಬಿಡ್ತೀನಿ" ಎಂದ.